ಏಲಂ ಕೂಗಿದ್ದೆಲ್ಲ ಬೆಲೆಯಲ್ಲ

ನಮ್ಮ ವಾಚನಾಲಯದ ಜಗಲಿಯಲ್ಲಿ ಈಗ ಹೊಸ ಮಾತೊಂದು ಓಡಾಡ್ತಾ ಇದೆ. ಯಾವ ವಸ್ತುವೇ ಆಗಲಿ, ಎಲ್ಲರ ಕಣ್ಣೆದುರಿಗೆ ಏಲಂ ಹಾಕಿದರೆ ಬರುವ ಬೆಲೆಯೇ ಅದರ ನಿಜವಾದ ಬೆಲೆಯಂತೆ. ಫೋನಿನಲ್ಲಿ ಏಲಂ ಹಾಕಿದರೆ ಇನ್ನೂ ನಿಜವಂತೆ. ಯಾಕಂದರೆ ಅಲ್ಲಿ ದಲ್ಲಾಳಿ ಇಲ್ಲ, ಸಂತೆಯ ಗಲಾಟೆ ಇಲ್ಲ, ದೇಶದ ಯಾವ ಮೂಲೆಯವನಾದರೂ ಕೂಗಬಹುದು. ಶೋಕಿ ಕಾರುಗಳನ್ನೂ ಹಳೇ ಜೀಪುಗಳನ್ನೂ ಈಗ ಹಾಗೇ ಮಾರ್ತಾರೆ, ನಮ್ಮ ರೈತರೂ ಅದನ್ನು ನೋಡಿ ಕಲೀಬೇಕು ಅಂತ ಮೇಷ್ಟ್ರೊಬ್ಬರು ಹೇಳಿದರು. ಸುತ್ತ ಕೂತಿದ್ದ ಹುಡುಗರು ತಲೆ ಆಡಿಸಿದರು.

ಮೇಷ್ಟ್ರು ಒಳ್ಳೆಯವರು. ಊರಿನ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದವರು. ಆದರೆ ಈ ಲೆಕ್ಕ ಸರಿಯಿಲ್ಲ ಅಂತ ನಾನು ಬರೆದೇ ಹೇಳಬೇಕು. ಬಾಯಲ್ಲಿ ಹೇಳಿದರೆ ಜಗಳ ಆಗುತ್ತೆ, ಆಮೇಲೆ ಟೀ ಕುಡಿದು ಮರೆತುಹೋಗುತ್ತೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನಲವತ್ತು ವರ್ಷದಿಂದ ಎತ್ತು ಕೊಂಡಿದ್ದೇನೆ, ಮಾರಿದ್ದೇನೆ, ಟೊಮ್ಯಾಟೊ ಹೊತ್ತು ಮಂಡಿಗೆ ಹೋಗಿದ್ದೇನೆ. ಬೆಲೆ ಅನ್ನೋ ಪದಾರ್ಥ ಹೇಗೆ ಹುಟ್ಟುತ್ತೆ ಅನ್ನೋದು ನನಗೆ ಸ್ವಲ್ಪ ಗೊತ್ತು.

ಮೊದಲು ಕಾರಿನ ಮಾತನ್ನೇ ತಗೊಳ್ಳೋಣ. 2020ರ ಸೆಪ್ಟೆಂಬರಿನಲ್ಲಿ ಮಹೀಂದ್ರ ಕಂಪನಿ ಹೊಸ ಥಾರ್ ಜೀಪನ್ನು ಅಂಗಡಿಗೆ ಬಿಡುವ ಮೊದಲು, ಒಂದನೇ ನಂಬರಿನ ಜೀಪನ್ನು ಆನ್‌ಲೈನಿನಲ್ಲಿ ಏಲಂ ಹಾಕಿತು. ದಿಲ್ಲಿಯ ಒಬ್ಬರು 1 ಕೋಟಿ 11 ಲಕ್ಷಕ್ಕೆ ಕೂಗಿ ಹಿಡಿದರು. ಅಕ್ಟೋಬರ್ 2ನೇ ತಾರೀಕು ಥಾರ್ ಬೆಲೆ ಹೊರಗೆ ಬಂತು: 9 ಲಕ್ಷ 80 ಸಾವಿರದಿಂದ ಶುರು. ಏಲಂ ದುಡ್ಡು ಧರ್ಮದ ಕೆಲಸಕ್ಕೆ ಹೋಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. 2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂದಾಗಲೂ ಅದೇ ಮನುಷ್ಯರೇ ಒಂದನೇ ನಂಬರನ್ನು ಹಿಡಿದರು, 1 ಕೋಟಿ 31 ಲಕ್ಷಕ್ಕೆ. ಮೇಷ್ಟ್ರೇ, ಥಾರ್ ಬೆಲೆ ಎಷ್ಟು ಅಂತ ನಿಮ್ಮ ಕ್ಲಾಸಿನ ಮಕ್ಕಳು ಕೇಳಿದರೆ ನೀವು ಬೋರ್ಡಿನ ಮೇಲೆ ಯಾವ ಅಂಕಿ ಬರೀತೀರಿ?

ಅದು ದಾನದ ಲೆಕ್ಕ, ಬಿಡಿ ಅಂತೀರೇನೋ. ಹಾಗಾದರೆ ಗುರುವಾಯೂರಿಗೆ ಬನ್ನಿ. 2021ರ ಡಿಸೆಂಬರಿನಲ್ಲಿ ಅದೇ ಕಂಪನಿ ಗುರುವಾಯೂರಪ್ಪನಿಗೆ ಒಂದು ಕೆಂಪು ಥಾರ್ ಕಾಣಿಕೆ ಕೊಟ್ಟಿತು. ದೇವಸ್ವಂನವರು ಅದನ್ನು ಏಲಂಗೆ ಇಟ್ಟರು. ಇದು ಆನ್‌ಲೈನಲ್ಲ, ದೇವಸ್ಥಾನದಲ್ಲೇ ನಡೆದ ಏಲಂ. 15 ಲಕ್ಷದಿಂದ ಮೇಲೆ ಕೂಗಬೇಕು ಅಂತ ಇತ್ತು. ಕೂಗಿದವರು ಒಬ್ಬರೇ. ಅವರು 10 ಸಾವಿರ ಸೇರಿಸಿದರು, 15 ಲಕ್ಷ 10 ಸಾವಿರಕ್ಕೆ ಮುಗಿಯಿತು. ಆಮೇಲೆ ಒಬ್ಬರೇ ಕೂಗಿದ್ದು ಏಲಂ ಹೇಗಾಗುತ್ತೆ ಅಂತ ತಕರಾರು ಬಂತು, ಅದು ಕೋರ್ಟಿನವರೆಗೂ ಹೋಯಿತು. 2022ರ ಜೂನ್‌ನಲ್ಲಿ ಮತ್ತೆ ಏಲಂ ಹಾಕಿದರು. ಈ ಸಲ ಹತ್ತಕ್ಕೂ ಹೆಚ್ಚು ಜನ ನಿಂತರು. 43 ಲಕ್ಷಕ್ಕೆ ಹೋಯಿತು.

ಅದೇ ಜೀಪು, ಅದೇ ಬಣ್ಣ, ಅದೇ ನಾಲ್ಕು ಚಕ್ರ. ಆರು ತಿಂಗಳು ನಿಂತು ಹಳತಾಗಿತ್ತು, ಅಷ್ಟೇ. ಬೆಲೆ ಮಾತ್ರ ಮೂರು ಪಾಲಿಗೆ ಹತ್ತಿರ ಬಂತು. ಜೀಪಿನಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಎದುರಿಗೆ ನಿಂತ ಜನ. ನಾನು ಹೇಳೋದು ಇಷ್ಟೇ: ಏಲಂ ವಸ್ತುವನ್ನು ಅಳೆಯೋದಿಲ್ಲ, ನಿಂತವರ ಹಟ ಅಳೆಯುತ್ತೆ. ಇಬ್ಬರಿಗೆ ಹಟ ಹತ್ತಿದರೆ ಒಂದು ಅಂಕಿ. ಒಬ್ಬನೇ ಬಂದರೆ ಇನ್ನೊಂದು ಅಂಕಿ.

ಹಾಡೋದಕ್ಕೆ ನಾನು ಸುತ್ತಲಿನ ಎಷ್ಟೋ ಜಾತ್ರೆಗೆ ಹೋಗಿದ್ದೇನೆ. ಪೂಜೆ ಮುಗಿದ ಮೇಲೆ ದೇವರ ಹಣ್ಣು ಏಲಂ ಹಾಕುವಾಗ ನಮ್ಮನ್ನು ಹಾಡು ನಿಲ್ಲಿಸಿ ಪಕ್ಕಕ್ಕೆ ಕೂರಿಸ್ತಾರೆ. ಮೈಕು ಹಿಡಿದವನ ಕೈಚಳಕ ನೋಡಬೇಕು. ಒಬ್ಬ ಕೂಗಿದ ಕೂಡಲೇ ಎದುರು ಬೀದಿಯವನ ಹೆಸರು ಹಿಡಿದು, "ಏನ್ ಮಾವ, ಸುಮ್ಮನೆ ಕೂತ್ಬಿಟ್ರಿ?" ಅಂತಾನೆ. ಆ ಮಾವ ಏಳಲೇಬೇಕು. ಹೆಂಡತಿ ಪಕ್ಕದಲ್ಲಿ ಪಂಚೆ ಎಳೆದರೂ ಏಳ್ತಾನೆ. 2024ರ ಪಂಗುನಿ ಉತ್ತಿರಕ್ಕೆ ವಿಳುಪ್ಪುರಂ ಜಿಲ್ಲೆಯ ಒಂದು ಮುರುಗನ ಗುಡಿಯಲ್ಲಿ 9 ನಿಂಬೆಹಣ್ಣು 2 ಲಕ್ಷ 36 ಸಾವಿರಕ್ಕೆ ಹೋದವು ಅಂತ ಪೇಪರಿನಲ್ಲಿ ಬಂತು. ಮಕ್ಕಳ ಭಾಗ್ಯ ಸಿಗುತ್ತೆ ಅನ್ನೋ ನಂಬಿಕೆ. ನಂಬಿಕೆಗೆ ನಾನು ಕೈ ಮುಗೀತೀನಿ. ಆದರೆ ಅದನ್ನು ಓದಿದ ಮಾರನೇ ದಿನ ನಿಂಬೆತೋಟದವನು ಯಾರೂ ಮಂಡಿಗೆ ಹೋಗಿ ಹಣ್ಣಿಗೆ ಇಪ್ಪತ್ತಾರು ಸಾವಿರ ಕೇಳಲಿಲ್ಲ. ನಿಂಬೆಹಣ್ಣಿನ ವಿಷಯದಲ್ಲಿ ನಮಗೆಲ್ಲ ಬುದ್ಧಿ ಇದೆ. ಕಾರು, ಬೈಕು ಅಂದ ತಕ್ಷಣ ಆ ಬುದ್ಧಿ ಎಲ್ಲಿಗೆ ಹೋಗುತ್ತೆ?

ಕೂಗಿದ ಅಂಕಿ ಬೇರೆ, ಕೈಗೆ ಬಂದ ದುಡ್ಡು ಬೇರೆ ಅನ್ನೋದಕ್ಕೂ ಒಂದು ಕಥೆ ಇದೆ. ಹರಿಯಾಣದಲ್ಲಿ ಗಾಡಿಯ ಶೋಕಿ ನಂಬರುಗಳನ್ನು ಸರ್ಕಾರವೇ ಆನ್‌ಲೈನಿನಲ್ಲಿ ಏಲಂ ಹಾಕುತ್ತೆ. 2025ರ ನವೆಂಬರಿನಲ್ಲಿ ಎಂಟುಗಳೇ ತುಂಬಿದ್ದ ಒಂದು ನಂಬರಿಗೆ 1 ಕೋಟಿ 17 ಲಕ್ಷ ಕೂಗು ಬಿತ್ತು. ಶುರು ಮಾಡಿದ್ದು 50 ಸಾವಿರದಿಂದ. ಕಾರೂ ಅಲ್ಲ, ಬರೀ ನಂಬರು! ದೇಶವೆಲ್ಲ ಸುದ್ದಿ, ನಮ್ಮ ಟೀ ಅಂಗಡಿಯಲ್ಲೂ ಅದೇ ಸುದ್ದಿ. ದುಡ್ಡು ಕಟ್ಟೋ ಗಡುವು ಬಂದಾಗ ಕೂಗಿದವನು ಕಟ್ಟಲೇ ಇಲ್ಲ. ಇಟ್ಟಿದ್ದ ಸಣ್ಣ ಠೇವಣಿ ಹೋಯಿತು. ಆದರೆ ಆ 1 ಕೋಟಿ 17 ಲಕ್ಷ ಅನ್ನೋ ಅಂಕಿ ಮಾತ್ರ ನಮ್ಮ ಹುಡುಗರ ಬಾಯಲ್ಲಿ ಇವತ್ತಿಗೂ ಇದೆ. ಕಟ್ಟಲಿಲ್ಲ ಅನ್ನೋ ಸುದ್ದಿ ಯಾರೂ ಹೇಳೋದಿಲ್ಲ. ನಮ್ಮ ಸಂತೆಯಲ್ಲಿ ಮಾತು ಮುಗಿದ ಮೇಲೆ ಮುಂಗಡ ಕೈಗೆ ಬರೋ ತನಕ ಹಗ್ಗ ಕೈ ಬಿಡೋದಿಲ್ಲ. ಯಾವ ಬಡವನ ಎಮ್ಮೆಯ ವ್ಯಾಪಾರವೂ ಆ ನಂಬರಿನ ವ್ಯಾಪಾರಕ್ಕಿಂತ ಗಟ್ಟಿ.

ಇದರ ಉಲ್ಟಾ ಕಥೆ ನಮ್ಮ ಕರ್ನಾಟಕದ ವಿಜಯ್ ಮಲ್ಯ ಅವರದು. 2009ರಲ್ಲಿ ನ್ಯೂಯಾರ್ಕಿನ ಏಲಂನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರವನ್ನು 18 ಲಕ್ಷ ಡಾಲರಿಗೆ ಹಿಡಿದವರು ಅವರೇ. ಆಮೇಲೆ ಬ್ಯಾಂಕಿನ ಸಾಲ, ದೇಶ ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತು. 2018ರ ಜನವರಿಯಲ್ಲಿ ಅವರ ಕಾರುಗಳು ಮುಂಬೈಯಲ್ಲಿ ಏಲಂ ಆದವು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಒಂದು ಸೊನಾಟ, ಒಂದು ಹೋಂಡಾ ಅಕಾರ್ಡ್, ಎರಡೂ ಸೇರಿಸಿ 1 ಲಕ್ಷ 40 ಸಾವಿರಕ್ಕೆ ತಂದರು ಅಂತ ಪತ್ರಿಕೆಯಲ್ಲಿ ಬಂತು. ನಮ್ಮ ಕಡೆ ಒಂದು ಜೊತೆ ಒಳ್ಳೇ ಎತ್ತು ಅದಕ್ಕಿಂತ ಹೆಚ್ಚಿಗೆ ಹೋಗುತ್ತೆ. ಯಾಕೆ ಅಷ್ಟು ಅಗ್ಗ ಆಯಿತು? ಕಾರು ಹಳೇದು ಅನ್ನೋದು ಒಂದು. ಬೆಲೆ ಸಾಲದು, ಮನೆಗೆ ವಾಪಸ್ ತಗೊಂಡು ಹೋಗ್ತೀನಿ ಅನ್ನೋಕೆ ಆ ಕಾರಿಗೆ ಯಜಮಾನನೇ ಅಲ್ಲಿ ಇರಲಿಲ್ಲ ಅನ್ನೋದು ಇನ್ನೊಂದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಆ ಶೋಕಿ ಕಾರುಗಳ ದೊಡ್ಡ ಏಲಂ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ನನ್ನ ತಂಗಿಯ ಮಗ ಹೊಸೂರಿನಲ್ಲಿ ಕಾರ್ಖಾನೆ ಕೆಲಸದವನು, ರಾತ್ರಿ ಎಲ್ಲ ಇದನ್ನೇ ನೋಡ್ತಾನೆ. ಅವನ ಫೋನಿನಲ್ಲಿ ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಅಮೆರಿಕದಲ್ಲಿ ಬ್ರಿಂಗ್ ಎ ಟ್ರೇಲರ್ ಅಂತ ಒಂದಿದೆ. ಟ್ರೇಲರ್ ತಗೊಂಡು ಬಾ ಅಂತ ಅರ್ಥ, ಅಂದರೆ ಕಾರು ತಾನಾಗಿ ಓಡೋ ಹಾಗಿಲ್ಲ, ಎಳಕೊಂಡು ಹೋಗೋ ಏರ್ಪಾಡಿನಲ್ಲಿ ಬಾ ಅಂತ. ಹೆಸರಲ್ಲೇ ಸತ್ಯ ಹೇಳಿಬಿಟ್ಟಿದ್ದಾರೆ, ನನಗೆ ಅದು ಹಿಡಿಸಿತು. 2007ರಲ್ಲಿ ಶುರುವಾಯಿತು, 2014ರಿಂದ ತಾವೇ ಏಲಂ ನಡೆಸ್ತಾರೆ. ಒಂದು ಕಾರು ಸುಮಾರು ಏಳು ದಿನ ಏಲಂನಲ್ಲಿ ಇರುತ್ತೆ. ಮಾರುವವನು ನೂರಾರು ಫೋಟೋ ಹಾಕಬೇಕು. ಕಾರಿನ ಅಡಿಗೆ ಮಲಗಿ ತುಕ್ಕು ಹಿಡಿದ ಜಾಗವನ್ನೂ ತೋರಿಸ್ತಾರೆ. ತಣ್ಣಗಿರುವ ಇಂಜಿನ್ನು ಹೇಗೆ ಹೊತ್ತಿಕೊಳ್ಳುತ್ತೆ ಅಂತ ವಿಡಿಯೋ ಹಾಕ್ತಾರೆ. ಆ ಜಾತಿ ಕಾರನ್ನು ಬಲ್ಲವರು ಎಲ್ಲರ ಎದುರಿಗೆ ಪ್ರಶ್ನೆ ಕೇಳ್ತಾರೆ: ಈ ಬಾಗಿಲು ಆಮೇಲೆ ಹಾಕಿದ್ದಲ್ಲವಾ, ಈ ಬಣ್ಣ ಕಂಪನಿಯದಾ ಅಂತ. ಕೊನೇ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಬರುತ್ತೆ. ಕಳ್ಳನ ಹಾಗೆ ಕೊನೇ ಕ್ಷಣದಲ್ಲಿ ಬಂದು ಹಾರಿಸಿಕೊಂಡು ಹೋಗೋಕೆ ಆಗಲ್ಲ. ಇಷ್ಟಕ್ಕೆ ಕಡಿಮೆ ಬಂದರೆ ಕೊಡಲ್ಲ ಅಂತ ಮಾರುವವನು ಒಂದು ತಳದ ಬೆಲೆಯನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದು.

ಇದು ಒಳ್ಳೇದೇ. ನಮ್ಮ ದನದ ಸಂತೆಗಿಂತ ಒಳ್ಳೇದು ಅಂತ ಹೇಳೋಕೂ ನನಗೆ ನಾಚಿಕೆ ಇಲ್ಲ. ನಮ್ಮ ಸಂತೆಯಲ್ಲಿ ಏನಾಗುತ್ತೆ? ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡೀತಾನೆ. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಹಿಡಿ ಹಿಡಿದರೆ ಒಂದು ಲೆಕ್ಕ. ಕೊಳ್ಳುವವನ ಬೆರಳು ದಲ್ಲಾಳಿಗೆ ಗೊತ್ತು, ಮಾರುವವನ ಬೆರಳೂ ಅವನಿಗೆ ಗೊತ್ತು. ಆದರೆ ಇವರಿಬ್ಬರಿಗೆ ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ನಡುವಿನ ದುಡ್ಡು ಟವೆಲ್ಲಿಗೇ ಗೊತ್ತು! ನಮ್ಮ ಆಲಂಬಾಡಿ ಎತ್ತುಗಳು ಹಾಗೇ ಕೈ ಬದಲಾದವು. ಹಲ್ಲು ನೋಡ್ತಾರೆ, ಗೊರಸು ನೋಡ್ತಾರೆ, ಸುಳಿ ನೋಡ್ತಾರೆ. ಸುಳಿ ಸರಿಯಿಲ್ಲ ಅಂತ ಬಂಗಾರದಂಥ ಎತ್ತಿನ ಬೆಲೆ ಇಳಿಸ್ತಾರೆ. ಶೋಕಿ ಕಾರಿನವರಿಗೂ ಸುಳಿ ಇದೆ ಅನ್ನೋದು ಫೋನು ನೋಡಿದ ಮೇಲೆ ಗೊತ್ತಾಯಿತು. ಇಂಜಿನ್ ನಂಬರು ಚಾಸಿ ನಂಬರಿಗೆ ಹೊಂದಬೇಕು, ಸ್ಟೇರಿಂಗು ಕಂಪನಿಯದೇ ಇರಬೇಕು, ಮೊದಲ ಬಣ್ಣ ಇರಬೇಕು. ಓಡೋಕೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಉಳೋಕೆ ಸುಳಿಯಿಂದ ಏನೂ ಆಗಬೇಕಾದ್ದಿಲ್ಲವಲ್ಲ, ಹಾಗೇ. ಆದರೆ ಬೆಲೆ ನಿಂತಿರೋದು ಅಲ್ಲೇ.

ಸುಳಿ ಬಲ್ಲವನು ಗೆಲ್ತಾನೆ, ಬಲ್ಲದವನು ಸೋಲ್ತಾನೆ. ಮೇಷ್ಟ್ರು ಮರೆತದ್ದು ಇದನ್ನು. ಅಮೆರಿಕದ ಆ ಏಲಂನಲ್ಲಿ ಮಾರುವವನೂ ಬಲ್ಲವನೇ, ಕೊಳ್ಳುವವನೂ ಬಲ್ಲವನೇ. ನಮ್ಮ ಕಡೆ ಫೋನಿಗೆ ಬರೋ ವ್ಯಾಪಾರ ಆ ತರಹ ಅಲ್ಲ. ಇಲ್ಲಿ ಹೆಚ್ಚಾಗಿ ನಡೆಯೋದು ಹೀಗೆ: ನೀವು ಫೋನಿನಲ್ಲಿ ಗಾಡಿ ವಿವರ ಹಾಕ್ತೀರಿ. ಒಬ್ಬ ಹುಡುಗ ಮನೆಗೆ ಬಂದು ಫೋಟೋ ಹಿಡೀತಾನೆ, ಗೀರು ಎಷ್ಟು, ಟೈರು ಎಷ್ಟು ಸವೆದಿದೆ ಅಂತ ಬರ್ಕೊಳ್ತಾನೆ. ಆಮೇಲೆ ಎಲ್ಲೋ ಕೂತಿರುವ ಗಾಡಿ ವ್ಯಾಪಾರಿಗಳು ತಮ್ಮೊಳಗೆ ಏಲಂ ಕೂಗ್ತಾರೆ. ಎಷ್ಟು ಜನ ಕೂಗಿದರು, ಎಷ್ಟಕ್ಕೆ ನಿಲ್ಲಿಸಿದರು, ನಡುವಿನವನಿಗೆ ಎಷ್ಟು ಅನ್ನೋದು ಯಜಮಾನನಿಗೆ ಕಾಣೋದಿಲ್ಲ. ಕೊನೆಗೆ ಒಂದು ಅಂಕಿ ಬರುತ್ತೆ, ಬೇಗ ಒಪ್ಪಿಕೊಳ್ಳಿ ಅಂತ. ದಲ್ಲಾಳಿ ಇಲ್ಲ ಅಂತೀರಲ್ಲ ಮೇಷ್ಟ್ರೇ, ದಲ್ಲಾಳಿ ಹೋಗಿಲ್ಲ. ಟವೆಲ್ಲು ದೊಡ್ಡದಾಗಿದೆ, ಅಷ್ಟೇ.

ನಮ್ಮ ಪಕ್ಕದ ಊರಿನ ಒಬ್ಬರ ಮನೆಯಲ್ಲಿ ಹಳೇ ಮಹೀಂದ್ರ 540 ಜೀಪು ಇತ್ತು. ಅವರ ಅಪ್ಪನ ಕಾಲದ್ದು. ಹಾಲಿನ ಕ್ಯಾನು ಹೊತ್ತಿದೆ, ಹೆರಿಗೆ ನೋವಿನ ಹೆಂಗಸರನ್ನು ಧರ್ಮಪುರಿ ಆಸ್ಪತ್ರೆಗೆ ಹೊತ್ತಿದೆ, ಪಂಚಪಳ್ಳಿ ಜಾತ್ರೆಗೆ ನಮ್ಮ ತಂಡದ ತಮಟೆ ತಾಳ ಎಲ್ಲ ಹೊತ್ತಿದೆ. ಮಗಳ ಕಾಲೇಜು ಫೀಜು ಕಟ್ಟಬೇಕಾದ ವಾರ ಅದನ್ನು ಮಾರಿದರು. ಫೋನಿನಲ್ಲಿ ನೋಡಿ ಬೆಂಗಳೂರು ಕಡೆಯಿಂದ ಯಾರೋ ಬಂದರು. "ಇದು ಗುಜರಿ ಯಜಮಾನ್ರೇ, ತೂಕಕ್ಕೆ ಹಾಕಿದ್ರೂ ಇಷ್ಟು ಬರಲ್ಲ" ಅಂದು 1 ಲಕ್ಷ 10 ಸಾವಿರ ಎಣಿಸಿಕೊಟ್ಟು ಹೋದರು. ನಾಲ್ಕು ತಿಂಗಳಾದ ಮೇಲೆ ನನ್ನ ತಂಗಿ ಮಗ ಅದೇ ಜೀಪನ್ನು ಫೋನಿನಲ್ಲಿ ತೋರಿಸಿದ. ಹಸಿರು ಬಣ್ಣ, ಹೊಸ ಹುಡ್ಡು, ದಪ್ಪ ಟೈರು. ಬಾನೆಟ್ಟಿನ ಎಡಗಡೆ ಇದ್ದ ಹಳೇ ಗುಳಿ ಹಾಗೇ ಇತ್ತು, ಅದರಿಂದ ಗುರುತು ಹಿಡಿದೆವು. ಕೇಳಿದ ಬೆಲೆ ನಾಲ್ಕೂವರೆ ಲಕ್ಷ. ಬಣ್ಣಕ್ಕೆ, ಟೈರಿಗೆ ಖರ್ಚು ಮಾಡಿದ್ದಾರೆ, ಇಲ್ಲ ಅನ್ನಲ್ಲ. ಕೇಳಿದ ಬೆಲೆ ಸಿಕ್ಕಿತೋ ಇಲ್ಲವೋ ಅದೂ ಬೇರೆ ಮಾತು. ಆದರೆ ಈ ಮನುಷ್ಯರಿಗೆ ತಮ್ಮ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದು ಗುಜರಿ ಅಲ್ಲ, ಶೋಕಿಯವರು ಹುಡುಕಿಕೊಂಡು ಬರೋ ಗಾಡಿ ಅನ್ನೋದೇ ಗೊತ್ತಿರಲಿಲ್ಲ. ಅದನ್ನು ಗೊತ್ತು ಮಾಡಿಕೊಳ್ಳೋಕೆ ಒಂದು ತಿಂಗಳು ಕಾಯೋ ಹಾಗೂ ಇರಲಿಲ್ಲ, ಫೀಜಿನ ಕೊನೇ ದಿನ ಹತ್ತಿರ ಬಂದಿತ್ತು.

ಇನ್ನು ಕೊಳ್ಳೋ ಕಡೆಯ ಹುಡುಗರಿಗೆ ಎರಡು ಮಾತು. ಯಮಹಾ ಆರ್‌ಎಕ್ಸ್ 100 ಬೈಕು 1985ರಲ್ಲಿ ಬಂತು, 1996ರಲ್ಲಿ ಮಾಡೋದು ನಿಂತುಹೋಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ 1996ರಲ್ಲೇ. ಆವಾಗ ಎಜ್ಡಿ ಬೈಕು ಅಂದರೆ ಹಾಲು ಹಾಕೋರ ಗಾಡಿ. ಈಗ ಇವೆರಡಕ್ಕೂ ಲಕ್ಷದ ಮಾತು ಆಡ್ತಾರೆ. ಮಾಡೋದು ನಿಂತ ಮೇಲೆ ಇರುವವೇ ಉಳಿದವು, ಬೇಕು ಅನ್ನೋರು ಜಾಸ್ತಿ ಆದರು, ಬೆಲೆ ಏರಿತು. ಸರಿ. ಆದರೆ ನಮ್ಮ ಹುಡುಗರು ಹೇಳೋದೇನು? "ತಾತ, ಇದು ಖರ್ಚಲ್ಲ, ಬಂಗಾರ ಇದ್ದ ಹಾಗೆ, ಇಟ್ಟರೆ ಏರುತ್ತೆ" ಅಂತ. ಅದನ್ನು ನಂಬಿ ಮೂರು ವಟ್ಟಿ ಸಾಲ ತರ್ತಾರೆ. ಬಂಗಾರವನ್ನು ಯಾವ ಅಂಗಡಿಗೆ ತಗೊಂಡು ಹೋದರೂ ಆ ದಿನದ ಬೆಲೆ ಸಿಗುತ್ತೆ. ಶೋಕಿ ಬೈಕಿಗೆ ಅದೇ ಹುಚ್ಚು ಇರೋ ಇನ್ನೊಬ್ಬ ಸಿಗಬೇಕು, ಅವನ ಕೈಯಲ್ಲಿ ಆ ದಿನ ದುಡ್ಡೂ ಇರಬೇಕು. ಗುರುವಾಯೂರಿನಲ್ಲಿ ಮೊದಲ ಸಲ ಆದ ಹಾಗೆ ಒಬ್ಬನೇ ಬಂದರೆ? ಫೋನಿನಲ್ಲಿ ನೀವು ನೋಡೋದು ಮಾರುವವನ ಬಾಯಿಬೆಲೆ. ಎಷ್ಟಕ್ಕೆ ಹೋಯಿತು ಅನ್ನೋದನ್ನು ಯಾರೂ ಬರೆದು ಇಟ್ಟಿರೋದಿಲ್ಲ.

ಸಾಲದ ಕಂತು ತಪ್ಪಿದರೆ ಇನ್ನೊಂದು ಏಲಂ ಇದೆ, ಅದರ ಬಗ್ಗೆ ಶೋಕಿಯವರು ಮಾತಾಡೋದೇ ಇಲ್ಲ. ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋಗಿ ತಮ್ಮ ಅಂಗಳದಲ್ಲಿ ನಿಲ್ಲಿಸ್ತಾರೆ, ಅದೂ ಈಗ ಆನ್‌ಲೈನಿನಲ್ಲೇ ಏಲಂ ಆಗುತ್ತೆ. ಬಿಸಿಲು ಮಳೆಗೆ ಸಾಲಾಗಿ ನಿಂತ ಗಾಡಿಗಳು. ಅಲ್ಲಿ ಹುಡುಗನ ತಳದ ಬೆಲೆ ಏನೂ ಇಲ್ಲ, ಬೇಡ ಅನ್ನೋ ಅಧಿಕಾರವೂ ಇಲ್ಲ. ಮಲ್ಯ ಅವರ ಕಾರಿಗಾದದ್ದೇ ಇವನ ಬೈಕಿಗೂ ಆಗುತ್ತೆ. ವ್ಯತ್ಯಾಸ ಏನಂದರೆ ಏಲಂ ದುಡ್ಡು ಸಾಲಕ್ಕೆ ಸಾಲದೆ ಹೋದರೆ, ಉಳಿದದ್ದು ಕಟ್ಟು ಅಂತ ಅವರು ಇವನ ಮನೆ ಬಾಗಿಲಿಗೆ ಬರ್ತಾರೆ. ಗಾಡಿ ಹೋಯಿತು, ಸಾಲ ಉಳೀತು. ಈ ಏಲಂನಲ್ಲಿ ಬಂದದ್ದೂ ನಿಜವಾದ ಬೆಲೆಯೇ ಏನು ಮೇಷ್ಟ್ರೇ?

ಕಾಗದದ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತೆ. ಗಾಡಿ ಮಾರಿ, ದುಡ್ಡು ಎಣಿಸಿ, ಬೀಗದ ಕೈ ಕೊಟ್ಟರೆ ಮುಗೀತು ಅಂದುಕೊಂಡವರು ನಮ್ಮಲ್ಲಿ ಬಹಳ ಜನ. ಮುಗಿಯೋದಿಲ್ಲ. ಆರ್‌ಸಿ ಬುಕ್ಕಿನಲ್ಲಿ ಹೆಸರು ಬದಲಾಗಬೇಕು. ಫಾರಂ 29, ಫಾರಂ 30 ಅಂತ ಎರಡಿವೆ. ಗಾಡಿ ಬೇರೆ ರಾಜ್ಯಕ್ಕೆ ಹೋಗೋದಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ನಮ್ಮದು ಗಡಿನಾಡು, ನಮ್ಮ ಟಿಎನ್ 29 ಗಾಡಿಗಳನ್ನು ಕೊಳ್ಳೋಕೆ ಬರೋರು ಅರ್ಧ ಜನ ಬೆಂಗಳೂರಿನವರು. ಅಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು ಅನ್ನೋ ಭಯಕ್ಕೆ ಹೆಸರು ಬದಲಾಯಿಸದೇ ಓಡಿಸ್ತಾರೆ. ಓಡಿಸಲಿ, ನಮಗೇನು ಅಂತೀರಾ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗ್ತಾ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಇತ್ತು. ಅಪಘಾತವಾಯಿತು. ಪರಿಹಾರ ಕೊಡುವ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದೇ ಅಂತ ಕೋರ್ಟು ಹೇಳಿತು. ಗಾಡಿ ಮಾರಿ ಬಹಳ ದಿನ ಆಗಿತ್ತು, ಆದರೂ ಅವನೇ! ಒಂದು ಲಕ್ಷಕ್ಕೆ ಜೀಪು ಮಾರಿ ಹತ್ತು ಲಕ್ಷ ಪರಿಹಾರಕ್ಕೆ ಕೋರ್ಟು ಹತ್ತೋ ಗ್ರಹಚಾರ ಯಾಕೆ? ರಾಜ್ಯದ ಒಳಗೆ ಮಾರಿದರೆ 14 ದಿನದೊಳಗೆ, ಹೊರಗೆ ಮಾರಿದರೆ 45 ದಿನದೊಳಗೆ ಮಾರಿದವನೇ ಆರ್‌ಟಿಓಗೆ ತಿಳಿಸಬೇಕು ಅಂತ ಕಾನೂನಿದೆ. ದುಡ್ಡು ತಗೊಳ್ಳೋ ದಿನವೇ ಫಾರಂಗೆ ಸಹಿ ಹಾಕಿಸಿ, ಒಂದು ನಕಲು ಪೆಟ್ಟಿಗೆಯಲ್ಲಿ ಇಡಿ.

ಐವತ್ತು ವರ್ಷ ದಾಟಿದ ಗಾಡಿ ಯಾರ ಕೊಟ್ಟಿಗೆಯಲ್ಲಾದರೂ ಇದ್ದರೆ, ಅದಕ್ಕೆ 2021ರಿಂದ ವಿಂಟೇಜ್ ಅಂತ ಬೇರೆ ನೋಂದಣಿ ಇದೆ. 20 ಸಾವಿರ ಫೀಜು. ಆದರೆ ಅದನ್ನು ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ. ಇದು ಶ್ರೀಮಂತರ ಮಾತು, ಇಷ್ಟಕ್ಕೆ ಸಾಕು.

ಈಗ ಮೇಷ್ಟ್ರ ಕೊನೇ ಮಾತಿಗೆ ಬರೋಣ. ರೈತರೂ ಕಾರಿನವರ ಹಾಗೆ ಮಾರೋದು ಕಲೀಬೇಕು ಅಂದರಲ್ಲ. ಕಾರಿನವನ ಬಲ ಎಲ್ಲಿದೆ ಅಂತ ಮೊದಲು ನೋಡಿ. ಫೋನಿನಲ್ಲಿ ಇಲ್ಲ. ಫೋಟೋದಲ್ಲಿ ಇಲ್ಲ. ಬೆಲೆ ಸಾಲದು ಅಂದಾಗ ಕಾರನ್ನು ವಾಪಸ್ ಶೆಡ್ಡಿಗೆ ಹಾಕಿ ಬೀಗ ಹಾಕ್ತಾನಲ್ಲ, ಅಲ್ಲಿದೆ. ಮುಂದಿನ ವರ್ಷ ಮತ್ತೆ ತರ್ತಾನೆ. ಆ ಕಾರು ಕೊಳೆಯೋದಿಲ್ಲ, ಹುಲ್ಲು ಕೇಳೋದಿಲ್ಲ. ತಳದ ಬೆಲೆ ಅನ್ನೋದು ಬಾಯಲ್ಲಿ ಹೇಳೋ ಮಾತಲ್ಲ, ವಾಪಸ್ ತಗೊಂಡು ಹೋಗೋ ಶಕ್ತಿ. ಎತ್ತಿನವನಿಗೆ ಆ ಶಕ್ತಿ ಸ್ವಲ್ಪ ಇದೆ, ಸಂಜೆ ಹಗ್ಗ ಹಿಡಿದು ಮನೆಗೆ ಬರ್ತಾನೆ. ರೇಷ್ಮೆ ಗೂಡಿನವನಿಗೆ ನಾಲ್ಕು ದಿನ, ಆಮೇಲೆ ಚಿಟ್ಟೆ ಹೊರಗೆ ಬಂದರೆ ಗೂಡು ತೂತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಏಲಂ ಕೂಡ ಮೊಬೈಲಿನಲ್ಲೇ ನಡೆಯುತ್ತೆ, ಬೆಲೆ ಹಿಡಿಸದಿದ್ದರೆ ರೈತ ಬೇಡ ಅನ್ನಬಹುದು. ಒಳ್ಳೇ ಏರ್ಪಾಡು. ಆದರೆ ಬೇಡ ಅಂದು ಆ ಗೂಡನ್ನು ಎಲ್ಲಿ ಇಡೋದು?

ಟೊಮ್ಯಾಟೊದವನ ಗತಿ ಇನ್ನೂ ಕಷ್ಟ. ಬೆಳಗಿನ ಜಾವ ಪಾಲಕ್ಕೋಡು ಮಂಡಿಗೆ ಕ್ರೇಟು ಇಳಿಸಿದರೆ ಹೊತ್ತು ಏರೋದರೊಳಗೆ ಹೋಗಬೇಕು. ವಾಪಸ್ ತಂದರೆ ಬಾಡಿಗೆ ಎರಡು ಪಟ್ಟು, ಹಣ್ಣು ಮಾರನೇ ದಿನಕ್ಕೆ ಮೆತ್ತಗೆ. ಕೊಳ್ಳೋರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತು. ಆವಾಗ ಟಿವಿಯವರೆಲ್ಲ ಬಂದು ರೈತ ಕೋಟ್ಯಾಧಿಪತಿ ಅಂದರು. ಆಮೇಲೆ ಬೆಲೆ ಬಿದ್ದು, ಕೊಯ್ಯೋ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟಾಗ ಯಾರೂ ಬರಲಿಲ್ಲ. ಎರಡೂ ಏಲಂ ಬೆಲೆಯೇ. ಎರಡೂ ಎಲ್ಲರ ಕಣ್ಣೆದುರಿಗೇ ಕೂಗಿದ್ದು. ಎರಡು ಸಲವೂ ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಬೆನ್ನು ನೋವು.

ಆದ್ದರಿಂದ ನಮಗೆ ಫೋನು ಕೊಡಿಸಬೇಡಿ ಮೇಷ್ಟ್ರೇ, ಫೋನು ಎಲ್ಲರ ಜೇಬಿನಲ್ಲೂ ಇದೆ. ನಮಗೆ ಬೇಕಾದ್ದು ಶೆಡ್ಡು. ಪಾಲಕ್ಕೋಡು, ರಾಯಕೋಟೆ, ಮಾರಂಡಹಳ್ಳಿ ಸುತ್ತ ಇಷ್ಟು ಟೊಮ್ಯಾಟೊ ಬೆಳೀತೀವಿ. ನಾಲ್ಕು ದಿನ ಹಣ್ಣು ಇಡೋಕೆ ತಂಪಿನ ಜಾಗ, ಬೆಲೆ ಬಿದ್ದ ದಿನ ಹಣ್ಣು ಅರೆದು ಡಬ್ಬಿಗೆ ತುಂಬೋಕೆ ಒಂದು ಜಾಗ ನಮ್ಮ ಕೈಗೆ ಎಟಕೋ ಹಾಗೆ ಸಿಗಲಿ. ಆಮೇಲೆ ಬೇಕಾದರೆ ಟವೆಲ್ಲಿನ ಕೆಳಗೆ ಕೂಗಲಿ, ಫೋನಿನಲ್ಲಿ ಕೂಗಲಿ, ಚಂದ್ರಲೋಕದಿಂದ ಕೂಗಲಿ, ಬೇಡ ಅನ್ನೋಕೆ ನಮಗೂ ಬಾಯಿ ಬರುತ್ತೆ. ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳ್ತೀನಿ. ಮೇಷ್ಟ್ರುಗಳು ಅರ್ಜಿ ಬರೆದು ಕೊಡಿ. ನನ್ನ ಬರವಣಿಗೆ ಕಲೆಕ್ಟರ್ ಆಫೀಸಿಗೆ ಸಾಲದು, ಅಲ್ಲಿಗೆ ತಮಿಳಿನಲ್ಲೂ ಬರೀಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಾಗೋ ಒಂದು ಕೆಲಸ ಇದೆ. ವಾಚನಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಊರಿನಲ್ಲಿ ಯಾರು ಏನು ಮಾರಿದರೂ, ಎತ್ತು, ಬೈಕು, ಟ್ರ್ಯಾಕ್ಟರ್, ಟೊಮ್ಯಾಟೊ, ಯಾವುದೇ ಆಗಲಿ, ಬಾಯಿಬೆಲೆ ಬೇಡ, ಕೈಗೆ ಬಂದ ದುಡ್ಡು ಎಷ್ಟು, ಎಷ್ಟು ಜನ ಕೇಳಿದರು, ಯಾವ ತಾರೀಕು ಅಂತ ಬರೆಯೋದು. ಹೆಸರು ಬೇಕಾಗಿಲ್ಲ, ಹೆಸರು ಬರೆದರೆ ಯಾರೂ ನಿಜ ಹೇಳೋದಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ಭಾನುವಾರ ಬಂದು ಬರೀಲಿ, ಅವರಿಗೂ ಲೆಕ್ಕ ಬಂದ ಹಾಗಾಗುತ್ತೆ. ಮಾರೋಕೆ ಹೊರಟವನು ಮೊದಲು ಇಲ್ಲಿ ಬಂದು ಹಾಳೆ ತಿರುಗಿಸಿ ನೋಡಲಿ. ನೋಟ್‌ಬುಕ್ ನಾನೇ ತಂದು ಕೊಡ್ತೀನಿ. ಮೊದಲನೇ ಸಾಲಿಗೆ ಬರೀರಿ: ಮಹೀಂದ್ರ 540 ಜೀಪು, ಓಡುತ್ತಿತ್ತು, ಕೇಳಿದವರು ಒಬ್ಬರು, ಬಂದ ದುಡ್ಡು 1,10,000.